ಆಕಾಶದಿಂದ ಕಂಡ ಲಾರಿ

ಬ್ರಹ್ಮಾವರದಲ್ಲಿ ಬಸ್ಸಿಳಿದಾಗ ಬೆಳಗಿನ ಬಿಸಿಲಿಗೇ ಅಂಗಿ ಬೆನ್ನಿಗೆ ಅಂಟಿತ್ತು. 2012ರ ಮೇ ತಿಂಗಳ ಕೊನೆ. ದಾವಣಗೆರೆಯಿಂದ ರಾತ್ರಿಯಿಡೀ ಕುಳಿತು ಘಾಟಿ ಇಳಿದು ಬಂದಿದ್ದೆ. ಸ್ಟ್ಯಾಂಡಿನಲ್ಲಿ ಜನಾರ್ದನರು ಕಾಯುತ್ತಿದ್ದರು. ನಿವೃತ್ತ ಓವರ್‌ಸಿಯರ್, ಇದೇ ಊರಿನವರು. ಅದುವರೆಗೆ ಅವರ ಮುಖ ನೋಡಿರಲಿಲ್ಲ. ಅಂತರ್ಜಾಲದಲ್ಲಿ ಮಾತ್ರ ಪರಿಚಯ.

ನಾವು ಹತ್ತಾರು ಜನರ ಒಂದು ಗುಂಪು. ಉಪಗ್ರಹ ತೆಗೆದ ಚಿತ್ರಗಳನ್ನು ಗಣಕದ ಪರದೆಯ ಮೇಲೆ ಹಿಗ್ಗಿಸಿ ಹಳೆಯ ಮಿಲಿಟರಿ ವಾಹನಗಳನ್ನೂ ಯಾರೂ ಲೆಕ್ಕಕ್ಕೆ ಹಿಡಿಯದ ಕೋಟೆಗಳನ್ನೂ ಹುಡುಕುವುದು ನಮ್ಮ ಹುಚ್ಚು. ಕಂಡಲ್ಲಿ ಒಂದು ಗುರುತು ಹಾಕುತ್ತೇವೆ. ಜನಾರ್ದನರು ತಮ್ಮ ತಾಲೂಕಿನ ಸುತ್ತಮುತ್ತ ಎರಡು ಗುರುತು ಹಾಕಿದ್ದರು: ಗುಲ್ವಾಡಿಯ ಹೊಳೆಯಾಚೆ ಗುಡ್ಡದ ಮೇಲೆ ಚೌಕಾಕಾರದ ಕೋಟೆಯೊಂದು, ಕಿರಿಮಂಜೇಶ್ವರದ ಕಡಲದಂಡೆಯಲ್ಲಿ ಯುದ್ಧಕಾಲದ ಲಾರಿಯೊಂದು. "ನೋಡಿಕೊಂಡು ಬರೋಣ" ಎಂದು ಕರೆದಿದ್ದರು. ಅಷ್ಟೇ ಎಂದುಕೊಂಡು ಹೊರಟಿದ್ದೆ.

ಕುಂದಾಪುರಕ್ಕೆ ಎಕ್ಸ್‌ಪ್ರೆಸ್ ಬಸ್ಸು ಹತ್ತಿದೆವು. ಹೆದ್ದಾರಿ ಅಗಲ ಮಾಡಲು ಎರಡೂ ಬದಿಯ ಮರಗಳನ್ನು ಕಡಿದಿದ್ದರು. ಕೆಂಪು ಧೂಳು ಕಿಟಕಿಯಿಂದ ನುಗ್ಗಿ ಹಲ್ಲಿಗೆ ಮೆತ್ತುತ್ತಿತ್ತು. ಜನಾರ್ದನರು ದಾರಿಯುದ್ದಕ್ಕೂ ಹೊರಗೆ ನೋಡಲಿಲ್ಲ. ಮಡಿಲಲ್ಲಿ ಮುದ್ರಿತ ಚಿತ್ರಗಳನ್ನಿಟ್ಟುಕೊಂಡು ಅವುಗಳಲ್ಲೇ ಊರು ತೋರಿಸುತ್ತಿದ್ದರು. ಕೋಟ ಎಂಬ ಊರು ಹಾದುಹೋದದ್ದು ಅವರಿಗೆ ಗೊತ್ತಾದದ್ದು ಕಾಗದದ ಮೇಲೆ.

ಕುಂದಾಪುರದಿಂದ ಆಟೋದಲ್ಲಿ ಗುಲ್ವಾಡಿಗೆ ಹೋದೆವು. ಹೊಳೆ ದಾಟಿ ಗೇರುಗುಡ್ಡ ಹತ್ತಿದಾಗ ಕೋಟೆ ಸಿಕ್ಕಿತು. ಗೆರೆ ಎಳೆದಂತೆ ನೇರವಾದ ಗೋಡೆಗಳು, ಮೂಲೆಗಳಲ್ಲಿ ಮೆಟ್ಟಿಲು, ನಡುವೆ ಆಳದ ಚೌಕ. ಕೆಳಗೆ ಯಂತ್ರವೊಂದು ಕಿವಿ ಹರಿಯುವಂತೆ ಕೆಂಪುಕಲ್ಲು ಕೊಯ್ಯುತ್ತಿತ್ತು.

ತಲೆಗೆ ಮುಂಡಾಸು ಸುತ್ತಿದ್ದ ಕೆಲಸದವನೊಬ್ಬ ಯಂತ್ರ ನಿಲ್ಲಿಸಿ ಕೇಳಿದ, "ಎಂತ ಹುಡ್ಕುದ್?"

ಜನಾರ್ದನರು ಚಿತ್ರ ತೋರಿಸಿ ಕೋಟೆ ಎಂದರು.

"ಕೋಟೆಯಾ? ಹೋದ್ ವರ್ಷ ನಾವೇ ಕಡ್ದದ್ದ್ ಮಾರಾಯ್ರೆ ಇದ್. ಮಳಿ ಬಿದ್ದ್ ಮೇಲ್ ಬನ್ನಿ, ಕೆರೆ ಸಾ ಕಾಂತ್."

ಮಳೆ ಬಿದ್ದರೆ ಆ ಹೊಂಡದಲ್ಲಿ ಕೆರೆಯೂ ಕಾಣುತ್ತದಂತೆ. ಮೇಲಿದ್ದ ಕೆಲಸದವರೆಲ್ಲ ನಕ್ಕರು. ನನಗೂ ನಗು ಬಂತು. ಜನಾರ್ದನರು ಮಾತ್ರ ಚಿತ್ರವನ್ನು ಮಡಚಿ, "ಕೋಟೆಯ ಅವಶೇಷದ ಮೇಲೇ ಕಲ್ಲು ತೆಗೆಯುತ್ತಿದ್ದಾರೆ, ಇವರಿಗೇನು ಗೊತ್ತು?" ಎಂದರು. ನನ್ನ ಸಿಟ್ಟು ಶುರುವಾದದ್ದು ಅಲ್ಲಿ. ಆಮೇಲಿನದನ್ನು ನೆನೆದು ಆ ಸಿಟ್ಟನ್ನು ಹಿಂದಕ್ಕೆ ಒಯ್ದು ಅಲ್ಲಿಟ್ಟಿರಲೂಬಹುದು. ನೆನಪು ಅಂಥ ಕೆಲಸ ಮಾಡುತ್ತದೆ. ಆದರೆ ಗುಂಪಿನ ಪುಟದಲ್ಲಿ ಅದು ಇಂದಿಗೂ ಕೋಟೆ. ಇದು ನೆನಪಲ್ಲ, ಯಾರು ಬೇಕಾದರೂ ತೆಗೆದು ನೋಡಬಹುದು.

ಕುಂದಾಪುರಕ್ಕೆ ಮರಳಿ ಬಂಗುಡೆ ಸಾರು, ಕುಚ್ಚಲಕ್ಕಿ ಅನ್ನ ಉಂಡೆವು. ಊಟದ ನಡುವೆ ಜನಾರ್ದನರು ಎರಡು ಸಲ ಹೊರಗೆ ಹೋಗಿ ಫೋನಿನಲ್ಲಿ ಮಾತಾಡಿ ಬಂದರು. ಬೈಂದೂರಿನ ಬಸ್ಸು ಹಿಡಿದು ಕಿರಿಮಂಜೇಶ್ವರದಲ್ಲಿ ಇಳಿದು ಕಡಲಿನತ್ತ ನಡೆದೆವು. ಪಶ್ಚಿಮದಲ್ಲಿ ಮೋಡ ಕಪ್ಪಾಗಿತ್ತು. ತೆಂಗಿನ ತೋಪು ಮುಗಿದು ಮರಳು ಶುರುವಾಗುವಲ್ಲಿ ಅದು ನಿಂತಿತ್ತು.

ಚಿತ್ರದಲ್ಲಿ ಅದು ಅಕ್ಕಿಕಾಳಿನಷ್ಟು ದೊಡ್ಡ ಬೂದು ಗೆರೆ. ಇಲ್ಲಿ ಅದಕ್ಕೆ ಗೂಳಿಯ ಭುಜದಂಥ ಮೂತಿ, ತುಕ್ಕು ತಿಂದ ಬಾಗಿಲು, ಟಯರಿಲ್ಲದ ಚಕ್ರಗಳ ಕೆಳಗೆ ತೆಂಗಿನ ಹಲಗೆ. ಮೂತಿಯ ಮುಂದಿನ ಉಕ್ಕಿನ ಉರುಳೆಯಿಂದ ಹೊರಟ ಕೇಬಲ್ಲು ಮರಳಿನ ಮೇಲೆ ಬಿಗಿದು ನಿಂತಿತ್ತು. ಅದರ ಇನ್ನೊಂದು ತುದಿಯಲ್ಲಿ ಒಂದು ನಾಡದೋಣಿ ಇಂಚಿಂಚಾಗಿ ದಂಡೆ ಏರುತ್ತಿತ್ತು. ಅಡಿಗೆ ಮರದ ದಿಮ್ಮಿ ಕೊಡುತ್ತಿದ್ದವರು ನಾಲ್ಕೈದು ಹೆಂಗಸರು, ಇಬ್ಬರು ಮುದುಕರು.

"ಹ್ವಾಯ್, ಅಲ್ ನಿಲ್ಬೇಡಿ. ಕೇಬಲ್ ಹರಿದ್ರೆ ಕಾಲ್ ಹೋತ್ತ್."

ಕೂಗಿದ್ದು ಲಾರಿಯ ಒಳಗೆ ಕುಳಿತವಳು. ಐವತ್ತು ದಾಟಿದ ಹೆಂಗಸು, ಸೆರಗು ಸೊಂಟಕ್ಕೆ ಬಿಗಿದಿದ್ದಳು. ಎಲ್ಲರೂ ಅವಳನ್ನು ಮುತ್ತಕ್ಕ ಎನ್ನುತ್ತಿದ್ದರು. ದೋಣಿ ಮೇಲೆ ಬಂದ ಮೇಲೆ ಎಂಜಿನ್ ನಿಲ್ಲಿಸಿ ಇಳಿದು, ಎಲ್ಲಿಂದ ಬಂದದ್ದೆಂದು ಕೇಳಿದಳು. ಹೇಳಿದೆ.

"ಈ ಲಾರಿ ಕಾಂಬುಕಾ? ದಾವಣಗೆರಿಯಗೆ ಲಾರಿ ಇಲ್ಯಾ?"

ಉಪಗ್ರಹದ ಚಿತ್ರ ತೋರಿಸಿದೆ. ಬೆರಳನ್ನು ಸೀರೆಗೆ ಒರೆಸಿಕೊಂಡು ಕಾಗದ ಹಿಡಿದು ಬಹಳ ಹೊತ್ತು ನೋಡಿದಳು.

"ಮೇಲಿಂದ ಕಂಡ್ರೆ ಲಾರಿ ಕಾಂತ್. ದೋಣಿ ಎಳೆವ ಜನ ಕಾಂತಿಲ್ಯಾ?"

ಅವಳು ಹೇಳಿದ್ದು ಇಷ್ಟು. ಮಿಲಿಟರಿ ಹರಾಜಿನಲ್ಲಿ ಲಾರಿ ತಂದವನು ಅವಳ ಸೋದರಮಾವ. ಘಟ್ಟದ ಬುಡದಲ್ಲಿ ದಿಮ್ಮಿ ಎಳೆಯಲು ಓಡಿಸಿದ. ದಿಮ್ಮಿಯ ಕೆಲಸ ನಿಂತ ಮೇಲೆ ದಂಡೆಗೆ ತಂದು ನಿಲ್ಲಿಸಿದ. ಅವನು ತೀರಿಕೊಂಡ ಮೇಲೆ ನಡೆಸುವವಳು ಇವಳೇ. ಮೊದಲೆಲ್ಲ ದೋಣಿಗೆ ಹೆಗಲು ಕೊಡಲು ಕೇರಿಯ ಗಂಡಸರಿದ್ದರು. ಈಗ ಅರ್ಧ ಜನ ಗಂಗೊಳ್ಳಿಯ ದೊಡ್ಡ ಬೋಟುಗಳಲ್ಲಿ, ಇನ್ನರ್ಧ ಮುಂಬೈ ಹೋಟೆಲುಗಳಲ್ಲಿ. ಕಡಲು ಕದಡಿದ ದಿನ ದೋಣಿ ಮೇಲೇರದಿದ್ದರೆ ಒಡೆಯುತ್ತದೆ. ಏರಿಸುವುದು ಈ ಲಾರಿ. ಇನ್ನೂ ಒಂದು ದೋಣಿ ನೀರಂಚಿನಲ್ಲೇ ಇತ್ತು.

ಅಷ್ಟರಲ್ಲಿ ತೋಪಿನ ಬದಿಯ ದಾರಿಯಿಂದ ಕ್ರೇನು ಬಂತು. ಹೆದ್ದಾರಿ ಕೆಲಸದ ಹಳದಿ ಕ್ರೇನು. ಜನಾರ್ದನರು ಕೈ ಬೀಸಿ ಅದನ್ನು ಬರಮಾಡಿಕೊಂಡರು. ಊಟದ ನಡುವಿನ ಫೋನು ಏಕೆಂದು ಆಗ ತಿಳಿಯಿತು. ಬೆಂಗಳೂರಿನ ಸಂಗ್ರಾಹಕನೊಬ್ಬ ನಮ್ಮ ಗುಂಪಿನ ಗುರುತು ನೋಡಿ, ಮುಂಬೈಯಲ್ಲಿರುವ ಆ ಮಾವನ ಮಗನನ್ನು ಹುಡುಕಿ, ಲಾರಿ ಕೊಂಡಿದ್ದ. ಕ್ರಯಪತ್ರ ತೋರಿಸಿ ಲಾರಿ ಎತ್ತಿಸಿ ಕಳಿಸುವ ಕೆಲಸ ಜನಾರ್ದನರದು. ನನ್ನನ್ನು ಕರೆದದ್ದು ಗುಂಪಿನ ಸಾಕ್ಷಿಯಾಗಿ.

"ನೋಡಿಕೊಂಡು ಬರೋಣ ಅಂದಿರಿ" ಎಂದೆ.

"ನೋಡಿದಿರಲ್ಲ? ಇಲ್ಲಿದ್ದರೆ ಉಪ್ಪುಗಾಳಿಗೆ ಐದು ವರ್ಷದಲ್ಲಿ ಪುಡಿ. ಇದು ಇತಿಹಾಸ ಮಾರಾಯ್ರೇ, ದೋಣಿ ಎಳೆಯುವುದಕ್ಕಲ್ಲ."

ಮೈಯೆಲ್ಲ ಉರಿಯಿತು. ನಿನ್ನೆ ಮೊನ್ನೆ ತೋಡಿದ ಹೊಂಡವನ್ನು ಕೋಟೆ ಎಂದ ಮನುಷ್ಯ ಇತಿಹಾಸದ ಮಾತಾಡುತ್ತಿದ್ದ. ಆಗಷ್ಟೇ ನಿಂತ ಎಂಜಿನಿನ ಬಿಸಿ ಕೈಗೆ ತಾಗುವಷ್ಟು ಹತ್ತಿರ ನಿಂತು, ಅದನ್ನು ಸತ್ತದ್ದೆಂದು ಹೇಳುತ್ತಿದ್ದ. ಬಾಯಿಗೆ ಬಂದದ್ದು ಬೈದೆ. ಏನೆಂದು ನೆನಪಿಲ್ಲ, ಚಂದವಾಗಿ ಬೈದೆ ಎಂದು ಈಗ ಕಟ್ಟಿ ಬರೆಯಲಾರೆ.

ಮುತ್ತಕ್ಕ ಬೈಯಲಿಲ್ಲ. "ಮಗ ಮಾರುಕೆ ಎಂತ ಹಕ್ಕ್? ನಮ್ದ್ ಅಳಿಯಕಟ್ಟ್. ಮಾವನ್ ಸೊತ್ತ್ ಅಬ್ಬಿ ಬದಿಗ್ ಬಪ್ದ್" ಎಂದಳು. ಅಬ್ಬಿ ಎಂದರೆ ತಾಯಿ. ಗಂಡಸಿನ ಸೊತ್ತು ಅವನ ಮಕ್ಕಳಿಗಲ್ಲ, ಅಕ್ಕತಂಗಿಯರ ಮಕ್ಕಳಿಗೆ. ಕೇರಿಯ ಮಟ್ಟಿಗೆ ಇಂದಿಗೂ ಅದೇ ನ್ಯಾಯ. ಬೆಂಗಳೂರಿನವನು ಅಪ್ಪನ ಸೊತ್ತು ಮಗನಿಗೆ ಎಂದು ಹಿಡಿದಿದ್ದ. ಮುಂಬೈಯವನಿಗೆ ಗೊತ್ತಿತ್ತು, ಸುಮ್ಮನಿದ್ದ.

"ಆ ಕಟ್ಟು ಈಗ ಕೋರ್ಟಿನಲ್ಲಿ ನಡೆಯುವುದಿಲ್ಲಮ್ಮ" ಎಂದರು ಜನಾರ್ದನರು.

"ಕಾಗ್ದಗೆ ಎಂತ ಬರ್ದಿರ್? ಓದಿ ಕಾಂಬ."

ಓದಿದರು. ಅಕ್ಷಾಂಶ ಇಷ್ಟು, ರೇಖಾಂಶ ಇಷ್ಟು, ಲಗತ್ತಿಸಿದ ಚಿತ್ರದಲ್ಲಿ ಗುರುತಿಸಿದ ಸ್ಥಳದಲ್ಲಿರುವ ನೋಂದಣಿಯಿಲ್ಲದ ಹಳೆಯ ವಾಹನ. ಅಷ್ಟೇ. ಲಾರಿಗೆ ನಂಬರಿನ ಹಲಗೆಯಿರಲಿಲ್ಲ, ಎಂಜಿನ್ ಬದಲಾಗಿತ್ತು. ಅದನ್ನು ಗುರುತಿಸಲು ಅವರಿಗೆ ಆಕಾಶ ಬಿಟ್ಟರೆ ಬೇರೆ ದಾರಿ ಇರಲಿಲ್ಲ.

"ಹೌದಾ" ಎಂದಳು ಮುತ್ತಕ್ಕ. "ಕಡೀ ದೋಣಿ ಏರ್ಲಿ. ಕಡಿಗೆ ಕಾಂಬ."

ಜನಾರ್ದನರಿಗೆ ಕಾಯುವ ತಾಳ್ಮೆ ಇರಲಿಲ್ಲ. ಲಾರಿಯನ್ನು ಮುಂದಿನಿಂದ ಎತ್ತಬೇಕೆಂದು ಕ್ರೇನನ್ನು ನೀರಂಚಿನ ಕಡೆಯಿಂದ ಸುತ್ತಿ ಬರಲು ಹೇಳಿದರು. ಅಲ್ಲಿ ಮರಳು ಗಟ್ಟಿಯಾಗಿ ಕಾಣುತ್ತಿತ್ತು. ಮುದುಕನೊಬ್ಬ "ಹೋಗ್ಬೇಡ, ಹೋಗ್ಬೇಡ" ಎಂದದ್ದು ಎಂಜಿನ್ ಸದ್ದಿನಲ್ಲಿ ಡ್ರೈವರಿಗೆ ಕೇಳಿಸಲಿಲ್ಲ. ಹಿಂದಿನ ಚಕ್ರಗಳು ಅಚ್ಚಿನವರೆಗೆ ಹೂತವು. ನೀರು ಏರುವ ಹೊತ್ತು. ಮೊದಲ ನೊರೆ ಬಂದು ಚಕ್ರ ನೆಕ್ಕಿತು. ಡ್ರೈವರ್, ಬೈಂದೂರಿನ ಬಡಪಾಯಿ, ಇಳಿದು ತಲೆಯ ಮೇಲೆ ಕೈ ಹೊತ್ತು ನಿಂತ.

ಮುತ್ತಕ್ಕ ಮೊದಲು ದೋಣಿ ಎಳೆದಳು. ಆಮೇಲೆ ಕೇಬಲ್ಲನ್ನು ಕ್ರೇನಿಗೆ ಹಾಕಿಸಿದಳು.

"ಜನಾರ್ದನಣ್ಣ, ಇತಿಹಾಸ ಕ್ರೇನ್ ಎಳಿಲಕ್ಕಾ?" ಎಂದು ಒಳಗಿನಿಂದ ಕೇಳಿದಳು. ಹೆಂಗಸರು ಸೆರಗು ಬಾಯಿಗೊತ್ತಿಕೊಂಡರು. ಲಾರಿ ನಡುಗಿತು, ಕಪ್ಪು ಹೊಗೆ ಉಗುಳಿತು. ನಾನೂ ಹೆಂಗಸರ ಜೊತೆ ಕ್ರೇನಿನ ಚಕ್ರದಡಿಗೆ ಹಲಗೆ ತುರುಕಿದೆ, ಮೊಣಕಾಲು ಕೆತ್ತಿಹೋಯಿತು. ಕ್ರೇನು ಗಟ್ಟಿ ನೆಲಕ್ಕೆ ಬರುವಷ್ಟರಲ್ಲಿ ನೀರು ಅದು ನಿಂತಿದ್ದ ಹೊಂಡವನ್ನು ತುಂಬಿತ್ತು.

ಕೆಲಸ ಮುಗಿಯಿತು ಎಂದುಕೊಂಡೆ. ಮುತ್ತಕ್ಕ ಎಂಜಿನ್ ನಿಲ್ಲಿಸಲಿಲ್ಲ. ಅವಳು ಕೈ ತೋರಿಸಿದಲ್ಲಿಗೆ ಹೆಂಗಸರು ಕೇಬಲ್ಲಿನ ತುದಿ ಹೊತ್ತು ನಡೆದರು. ಲಾರಿಯ ಬದಿಯಿಂದ ಬಳಸಿ ತೋಪಿನೊಳಗೆ ಹೋಗಿ, ಅಕ್ಕಪಕ್ಕದ ಎರಡು ತೆಂಗಿನ ಬುಡಕ್ಕೆ ಹಳೆಯ ಟಯರು ಕೊಟ್ಟು ಸುತ್ತಿ ಕೊಕ್ಕೆ ಹಾಕಿದರು. ಉರುಳೆ ತಿರುಗಿತು. ಎಳೆಯಲು ಎದುರಿಗೆ ಬೇರೇನೂ ಇರಲಿಲ್ಲ. ಲಾರಿ ತನ್ನನ್ನು ತಾನೇ ಎಳೆದುಕೊಂಡಿತು. ಮೂತಿ ನಿಧಾನವಾಗಿ ತೋಪಿನತ್ತ ಹೊರಳಿತು, ಹಲಗೆಗಳು ಕಿರುಗುಟ್ಟಿದವು, ಮುದುಕರು ಹಿಂದಿನ ಹಲಗೆ ಎತ್ತಿ ಮುಂದೆ ಹಾಕುತ್ತಾ ಬಂದರು. ಗರಿಗಳ ನೆರಳು ಮೊದಲು ಮೂತಿಯ ಮೇಲೆ, ಆಮೇಲೆ ಬಾಗಿಲ ಮೇಲೆ, ಕೊನೆಗೆ ಇಡೀ ಮೈಮೇಲೆ ಬಿತ್ತು.

ಡ್ರೈವರ್ ತಲೆಯೆತ್ತಿ ತೆಂಗಿನ ತಲೆಗಳನ್ನು ನೋಡಿದ. "ಇದ್ರ್ ಅಡಿಗೆ ಕ್ರೇನಿನ್ ಕೈ ಏರ್ತಿಲ್ಲೆ ಸ್ವಾಮಿ. ನಾನ್ ಹೋತೆ" ಎಂದು ಹೊರಟ.

ಮುತ್ತಕ್ಕ ಎಂಜಿನ್ ನಿಲ್ಲಿಸಿ ಇಳಿದಳು. ಲಾರಿ ನಿಂತಿದ್ದ ಜಾಗದಲ್ಲಿ ಎರಡು ಗೀರು, ಒಂದಿಷ್ಟು ಎಣ್ಣೆಯ ಕಲೆ, ಏಡಿಯ ತೂತುಗಳು ಉಳಿದಿದ್ದವು. ಅವಳು ಜನಾರ್ದನರಿಗೆ ಅದನ್ನು ತೋರಿಸಿದಳು.

"ಕಾಗ್ದಗೆ ಬರ್ದ ಜಾಗ ಅಲ್ಲಿತ್. ಅಲ್ ಇಪ್ದೆಲ್ಲ ನಿಮ್ದೇ. ತಕಂಡ್ ಹೋಯ್ನಿ."

ಅವಳು ಗೆದ್ದಳೆಂದು ಬರೆದು ಮುಗಿಸಲಾರೆ. ಮುಂಬೈಯವನಿದ್ದಾನೆ, ಕೋರ್ಟಿದೆ, ಕೊಂಡವನಿಗೆ ವಕೀಲರಿದ್ದಾರೆ. ಮಳೆ ನಿಂತ ಮೇಲೆ ಮತ್ತೆ ಬರುವುದಾಗಿ ಜನಾರ್ದನರು ಆಗಲೇ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದರು. ನಾನು ಅವರ ಜೊತೆ ಬಸ್ಸು ಹತ್ತಲಿಲ್ಲ. ಹೆದ್ದಾರಿಗೆ ಒಬ್ಬನೇ ನಡೆದೆ. ದಾರಿಯ ತಿರುವಿನಲ್ಲಿ ಹಿಂದೆ ನೋಡಿದಾಗ ಅವರಿನ್ನೂ ಆ ಎರಡು ಗೀರುಗಳ ನಡುವೆ ನಿಂತಿದ್ದರು, ಕಿವಿಗೆ ಫೋನು, ಕಂಕುಳಲ್ಲಿ ಕಾಗದ. ಮಳೆಯ ಮೊದಲ ದಪ್ಪ ಹನಿಗಳು ಬೀಳತೊಡಗಿದ್ದವು. ತೋಪಿನೊಳಗಿದ್ದವರು ಯಾರೂ ಅವರನ್ನು ಕರೆಯಲಿಲ್ಲ.