ಹರಳೆಣ್ಣೆ ಕುಡಿದ ಕಲ್ಲು

ತಾವರೆಕೆರೆ ಪಕ್ಕದ ಹಳ್ಳಿಗೆ ನಾನು ಸೊಸೆಯಾಗಿ ಬಂದಾಗ ಅತ್ತೆ ಒಪ್ಪಿಸಿದ ಮೊದಲ ಕೆಲಸ ಕಲ್ಲಿಗೆ ಎಣ್ಣೆ ಹೊಯ್ಯುವುದು. ಕೆರೆ ಏರಿಯ ಕೆಳಗೆ ಆಳೆತ್ತರದ ಒಂದು ಕಲ್ಲಿತ್ತು. ಕಲ್ಲಮ್ಮ ಅನ್ನುತ್ತಿದ್ದರು. ಪ್ರತಿ ಶುಕ್ರವಾರ ಅದರ ನೆತ್ತಿಗೆ ಒಂದು ಬಟ್ಟಲು ಹರಳೆಣ್ಣೆ. ಅತ್ತೆಯ ಅತ್ತೆ, ಅವರತ್ತೆ, ಎಲ್ಲರೂ ಹೊಯ್ದು ಹೊಯ್ದು ಕಲ್ಲಿನ ಮುಂಭಾಗದಲ್ಲಿ ಬೆರಳು ದಪ್ಪ ಕರಿ ಜಿಡ್ಡು ಕೂತಿತ್ತು. ನನಗೋ ಹೊಟ್ಟೆ ಉರಿಯೋದು. ಹರಳು ಹುರಿದು, ಕುಟ್ಟಿ, ಕುದಿಸಿ ಎಣ್ಣೆ ತೆಗೆಯುವವಳು ನಾನು, ಕುಡಿಯೋದು ಕಲ್ಲು! ಅರ್ಧ ಬಟ್ಟಲು ಹೊಯ್ದು, ಉಳಿದದ್ದನ್ನು ನನ್ನ ತಲೆಗೆ ತಟ್ಟಿಕೊಂಡು ಮನೆಗೆ ಬರುತ್ತಿದ್ದೆ.

ಒಂದು ದಿನ ಮೈಸೂರಿನಿಂದ ಶಾಸನ ಓದುವ ಪಂಡಿತರೊಬ್ಬರು ಎತ್ತಿನ ಗಾಡಿಯಲ್ಲಿ ಬಂದಿಳಿದರು. ಕಲ್ಲಿನ ಹಿಂಬದಿಯಲ್ಲಿ ಮಳೆಗಾಳಿಗೆ ಸವೆದ ಗೀರುಗಳನ್ನು ಕಂಡು, ಮುಂದೂ ಬರಹ ಇರಬೇಕು, ಜಿಡ್ಡು ತೆಗೆಸಿ ಅಂದರು. ಅಂಥದೇ ಹಳೇ ಲಿಪಿಯ ಕಲ್ಲೊಂದು ಪಾವಗಡದ ಕಡೆ ಸಿಕ್ಕಿ, ಅದನ್ನು ಓದಲಾಗದೆ ವರ್ಷಗಳಿಂದ ಒದ್ದಾಡುತ್ತಿದ್ದರಂತೆ.

ಅತ್ತೆ ಕಲ್ಲಿಗೆ ಬೆನ್ನು ಕೊಟ್ಟು ಕೂತೇಬಿಟ್ಟರು. "ಅಮ್ಮನ ಮೈಗೆ ಗಂಡಸ್ರು ಕೈ ಹಾಕಂಗಿಲ್ಲ ಸಾಮಿ." ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು: "ತೊಳೆದ್ಮೇಲೆ ಬರೀ ಕಲ್ಲು ಅಂತ ಆಗ್ಬುಟ್ರೆ, ನಾನು ಇಷ್ಟು ವರ್ಸ ಯಾರಿಗವ್ವ ಕೈ ಮುಗಿದಿದ್ದು?"

ಅಷ್ಟು ಗಟ್ಟಿಗಿತ್ತಿಯ ಬಾಯಲ್ಲಿ ಆ ಮಾತು ಕೇಳಿ ನನಗೆ ಸಂಕಟವಾಯಿತು. ಏನಾದರೂ ಹೇಳಬೇಕಲ್ಲ, "ಎಣ್ಣೆ ಹಚ್ಚಿದ್ಮೇಲೆ ತಲೆಗೆ ನೀರು ಹಾಕ್ಬೇಕಲ್ವ ಅತ್ತೆ? ಎಷ್ಟು ತಲೆಮಾರಿನ ಎಣ್ಣೆ, ಅಮ್ಮಂಗೂ ನವೆ ಹತ್ತಿರ್ತದೆ" ಅಂದೆ. ಅತ್ತೆಗೆ ನಗು ತಡೆಯಲಾಗಲಿಲ್ಲ.

ಹಂಡೆಗಟ್ಟಲೆ ನೀರು ಕಾಯಿಸಿ, ಸೀಗೇಕಾಯಿ ಹಾಕಿ, ತೆಂಗಿನ ನಾರಿನಲ್ಲಿ ಇಬ್ಬರೇ ಎರಡು ದಿನ ತಿಕ್ಕಿದೆವು. ಕೈಯಲ್ಲಿ ಬೊಬ್ಬೆ ಬಂತು. ಆಮೇಲೆ ಅತ್ತೆಯ ಅಪ್ಪಣೆ ಪಡೆದು ಪಂಡಿತರು ಒದ್ದೆ ಕಾಗದ ಅಂಟಿಸಿ, ಕುಂಚದಿಂದ ಬಡಿದು, ಮೇಲೆ ಮಸಿ ಒತ್ತಿ ಅಚ್ಚು ತೆಗೆದರು. ಕರಿ ಕಾಗದದ ತುಂಬ ಬಿಳಿ ಅಕ್ಷರ ಎದ್ದುವು. ಲಿಪಿ ತಿಳಿಯದಿದ್ದರೂ, ಕೆರೆ ಪಕ್ಕದ ಇಂಥ ಕಲ್ಲಿನ ಕೊನೆಯ ಸಾಲು ಯಾವಾಗಲೂ ಕೆರೆ ಕೆಡಿಸಿದವರಿಗೆ ಹಾಕುವ ಶಾಪವಂತೆ. ಎಷ್ಟೋ ಶಾಸನಗಳಲ್ಲಿ ಬರುವ ಮಾತಾದ್ದರಿಂದ ಅವರಿಗೆ ಬಾಯಿಪಾಠ. ಅದನ್ನೇ ಹಿಡಿದು ಒಂದೊಂದೇ ಅಕ್ಷರ ಹೊಂದಿಸುತ್ತ ಮೇಲಕ್ಕೆ ಹೋದರು. ಸಂಜೆಯ ಹೊತ್ತಿಗೆ ಪೂರ್ತಿ ಓದಿದರು.

"ಇದು ದೇವರಲ್ಲ ತಾಯಿ. ಈ ಕೆರೆಯ ತೂಬು ಕಾಯುವವರಿಗೆ ಹೊಲ ಬಿಟ್ಟುಕೊಟ್ಟ ಬರಹ."

ಅತ್ತೆಯ ಮುಖ ಸಣ್ಣದಾಯಿತು. ನನಗೆ ಆ ಮನುಷ್ಯನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಅಷ್ಟು ಓದಿದವರಿಗೆ ಒಂದು ಮಾತು ಮೆತ್ತಗೆ ಹೇಳೋಕೆ ಬರಬಾರದೇ?

ಅವರೇ ಮುಂದುವರಿಸಿದರು: "ಹಿಂದಿನ ಮುಖ ನೋಡಿ, ಒಂದಕ್ಷರ ಉಳಿದಿಲ್ಲ. ಈ ಮುಖವನ್ನು ಕಾಪಾಡಿದ್ದು ನಿಮ್ಮ ಎಣ್ಣೆ. ನೀವು ಹೊಯ್ಯದಿದ್ದರೆ ಈ ಲಿಪಿ ನಮಗೆ ದಕ್ಕುತ್ತಲೇ ಇರಲಿಲ್ಲ. ಇನ್ನು ಪಾವಗಡದ ಕಲ್ಲನ್ನೂ ಓದಬಹುದು."

"ಅಂಗಾರೆ ನಾವು ಹೊಯ್ದಿದ್ದು ದಂಡ ಆಗ್ಲಿಲ್ಲ" ಅಂದರು ಅತ್ತೆ. ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತರು. ಅವತ್ತಿನಿಂದ ಶಿರಾ ಸಂತೆಯಲ್ಲಿ ಯಾರೇ ಸಿಗಲಿ, ಮೈಸೂರಿನ ಪಂಡಿತರಿಗೆ ಅಕ್ಷರ ಕಲಿಸಿದ್ದು ತಮ್ಮ ಮನೆ ಹರಳೆಣ್ಣೆ ಅಂತ ಹೇಳದೆ ಬಿಡುತ್ತಿರಲಿಲ್ಲ. ಪಕ್ಕದಲ್ಲಿ ನಿಂತು ನಾನೂ ಹೆಮ್ಮೆಯಿಂದ ಬೀಗುತ್ತಿದ್ದೆ.

ಮುಂದಿನ ಶುಕ್ರವಾರ ಅತ್ತೆ ಮತ್ತೆ ಬಟ್ಟಲು ತುಂಬಿ ನನ್ನ ಕೈಗಿಟ್ಟರು. "ಹೊಯ್ಯವ್ವ. ದೇವ್ರಲ್ದಿದ್ರೂ ನಮ್ಮೋಳು ತಾನೆ."

ಅವತ್ತು ಕಲ್ಲಿನ ನೆತ್ತಿಗೆ ಇಡೀ ಬಟ್ಟಲು ಬಗ್ಗಿಸಿದೆ. ನನ್ನ ತಲೆಗೆ ಒಂದು ತೊಟ್ಟೂ ಉಳಿಸಿಕೊಳ್ಳಲಿಲ್ಲ.