ಮಹಡಿ ಮೇಲಿನ ಪಂಚಾಯಿತಿ

ನನ್ನನ್ನು ಗ್ರಾಮ ಪಂಚಾಯಿತಿ ಚುನಾವಣೆಗೆ ನಿಲ್ಲಿಸಿದವರು ನಮ್ಮೂರ ಕೊಬ್ಬರಿ ವ್ಯಾಪಾರದ ಯಜಮಾನರು. ಅರಸೀಕೆರೆಯಿಂದ ಹಳೇಬೀಡಿನ ಬಸ್ಸು ಹಿಡಿದರೆ ದಾರಿಯಲ್ಲಿ ಸಿಗುವ ಊರು ನಮ್ಮದು. ಆ ಸಲ ನಮ್ಮ ಕೇರಿಯ ಸೀಟು ಪರಿಶಿಷ್ಟ ಜಾತಿಯ ಹೆಂಗಸಿಗೆ ಮೀಸಲಾಗಿತ್ತು. ಕೇರಿಯ ಹೆಂಗಸರಲ್ಲಿ ಪಿಯುಸಿವರೆಗೆ ಓದಿದವಳು ನಾನೊಬ್ಬಳೇ. ಪೋಲಿಯೊದಿಂದ ಎಡಗಾಲು ಸೊರಗಿತ್ತು. ಕಬ್ಬಿಣದ ಪಟ್ಟಿಯಿದ್ದ ಬೂಟು ಹಾಕಿಕೊಂಡು, ಕಂಕುಳಲ್ಲಿ ಊರುಗೋಲಿಟ್ಟು ನಡೆಯುತ್ತಿದ್ದೆ. ಮದುವೆ ಆಗಿರಲಿಲ್ಲ.

ಯಜಮಾನರು ನಮ್ಮ ಮನೆಯ ಜಗಲಿಯ ಮೇಲೆ ಕೂತು ಅಣ್ಣನಿಗೆ ಹೇಳಿದರು: "ನೋಡಪ್ಪಾ, ನಿನ್ ತಂಗಿ ಹೆಂಗೂ ಮನೇಲಿ ಸುಮ್ನೆ ಕೂತವ್ಳೆ. ಅಲ್ಲೂ ಕೂತ್ಕಳ್ಳಿ. ಮಿಕ್ಕಿದ್ದು ನಾವ್ ನೋಡ್ಕತೀವಿ."

ಒಳಗೆ ಬುದ್ಧನ ಪಟದ ಕೆಳಗೆ ಕೂತು ಬಟ್ಟೆ ಹೊಲಿಯುತ್ತಿದ್ದ ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ಆಸೆ. ಅರಸೀಕೆರೆಯ ಕಾಲೇಜು ಬಿಟ್ಟ ಮೇಲೆ ಹೊಸಿಲು ದಾಟುವುದಕ್ಕೆ ನನಗೊಂದು ಕಾರಣವೇ ಇರಲಿಲ್ಲ.

ಪ್ರಚಾರಕ್ಕೆ ಒಂದು ಆಟೋ ಬಂತು. "ಕಾಲಿಲ್ಲದ ತಂಗಿಗೆ ಕನಿಕರ ತೋರಿಸಿ" ಎಂದು ಮೈಕಿನವನು ಕೂಗುತ್ತಾ ಹೋದ. ಹಾಗನ್ನಬೇಡಪ್ಪಾ, ನನಗೆ ಕಾಲಿದೆ, ಒಂದು ಸರಿಯಿಲ್ಲ ಅಷ್ಟೇ ಎಂದೆ. "ಅಕ್ಕಾ, ಹಂಗಂದ್ರೆ ವೋಟ್ ಬೀಳಾಕಿಲ್ಲ" ಎಂದು ನಕ್ಕ. ಆಟೋ ಅದನ್ನೇ ಕೂಗುತ್ತಾ ಮುಂದಿನ ಬೀದಿಗೆ ಹೋಯಿತು. ಗೆದ್ದೆ. ಅಧ್ಯಕ್ಷ ಸ್ಥಾನವೂ ಅದೇ ಮೀಸಲಿಗೆ ಬಂದದ್ದರಿಂದ ಅಧ್ಯಕ್ಷೆಯೂ ಆದೆ.

ಪಂಚಾಯಿತಿ ಕಚೇರಿ ಇದ್ದದ್ದು ರೇಷನ್ ಅಂಗಡಿಯ ಮಹಡಿಯ ಮೇಲೆ. ಮೆಟ್ಟಿಲು ಕಡಿದು, ಹಿಡಿಯಲು ಕಂಬಿಯೂ ಇಲ್ಲ. ಮೊದಲ ದಿನ ನನ್ನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಇಬ್ಬರು ಸದಸ್ಯರು ಹೊತ್ತರು. ಜನ ಚಪ್ಪಾಳೆ ತಟ್ಟಿದರು. ಆಮೇಲಿನ ಮೀಟಿಂಗುಗಳಿಗೆ ಚಪ್ಪಾಳೆ ಇರಲಿಲ್ಲ, ಹೊರುವವರ ಗೊಣಗಾಟವಿತ್ತು. ಮೇಲೆ ಶೌಚಾಲಯವಿಲ್ಲದ್ದರಿಂದ ಮೀಟಿಂಗ್ ದಿನ ಬೆಳಿಗ್ಗೆಯಿಂದ ನೀರು ಕುಡಿಯುತ್ತಿರಲಿಲ್ಲ. ನನ್ನ ಪಕ್ಕದಲ್ಲಿ ಕೂರುತ್ತಿದ್ದವಳು ಯಜಮಾನರ ಕೊಬ್ಬರಿ ಗೋಡೌನಿನಲ್ಲಿ ಕೂಲಿ ಮಾಡುತ್ತಿದ್ದ, ನಮ್ಮ ಜನದವಳೇ ಆದ ಇನ್ನೊಬ್ಬ ಸದಸ್ಯೆ. ಅವಳಿಗೆ ಓದು ಬರದು. ಮನೆಯಿಂದ ತಂದ ಚಿತ್ರಾನ್ನವನ್ನು ಇಬ್ಬರೂ ಹಂಚಿಕೊಂಡು ತಿನ್ನುತ್ತಿದ್ದೆವು. ಹಾಗೆ ಹಂಚಿ ತಿನ್ನುವ ಆ ಊಟ ಬಿಟ್ಟರೆ ಅಲ್ಲಿ ನನಗೆ ನನ್ನದೆನ್ನುವುದು ಏನೂ ಇರಲಿಲ್ಲ.

ಒಂದು ಮೀಟಿಂಗಿನಲ್ಲಿ ನಮ್ಮ ಕೇರಿಗೆ ಎಂದು ಬಂದಿದ್ದ ಬೋರ್‌ವೆಲ್ಲನ್ನು ಯಜಮಾನರ ಬೀದಿಗೆ ಬದಲಾಯಿಸಿ ಬರೆದು ತಂದರು. ನಾನು ರುಜು ಹಾಕಲಿಲ್ಲ. ಯಾರೂ ಜಗಳವಾಡಲಿಲ್ಲ. ಒಬ್ಬೊಬ್ಬರೇ ಎದ್ದು ಕೆಳಗಿಳಿದರು, ನನ್ನ ಪಕ್ಕದವಳೂ. ಕಾರ್ಯದರ್ಶಿಯೂ ಬ್ಯಾಗು ಹೆಗಲಿಗೇರಿಸಿ, "ನಿಮ್ಮನ್ನ ಇಳಿಸೋಕೆ ಬರ್ತಾರೆ ಇರಿ ಮೇಡಂ" ಎಂದು ಬಸ್ಸಿಗೆ ಹೋದರು. ಯಾರೂ ಬರಲಿಲ್ಲ. ಕಿಟಕಿಯಿಂದ ಕೂಗಿದೆ. ಟೀ ಅಂಗಡಿ ಮುಂದೆ ನಿಂತಿದ್ದ ನಮ್ಮ ಸದಸ್ಯರು ತಲೆ ಎತ್ತಿ ನೋಡಿ, ಮತ್ತೆ ತಮ್ಮ ಮಾತಿಗೆ ತಿರುಗಿದರು. ಮಧ್ಯಾಹ್ನವೆಲ್ಲ ಆ ಖಾಲಿ ಕುರ್ಚಿಗಳ ನಡುವೆ ಕೂತಿದ್ದೆ. ಕೊನೆಗೆ ಊರುಗೋಲನ್ನು ಕೆಳಕ್ಕೆ ಎಸೆದು, ಕೂತುಕೊಂಡೇ ಒಂದೊಂದು ಮೆಟ್ಟಿಲು ಜಾರಿ ಇಳಿದೆ.

ಕೆಳಗೆ ರೇಷನ್ನಿಗೆ ಕಾಯುತ್ತಿದ್ದ ಅಜ್ಜಿಯೊಬ್ಬಳು ಕೋಲೆತ್ತಿ ಕೊಟ್ಟಳು. "ಯಾಕವ್ವಾ ಹಿಂಗೆ? ನಿನ್ ಮೆಂಬ್ರುಗಳೆಲ್ಲಿ?"

"ಹೋದ್ರು ಕಣಜ್ಜಿ."

"ಹಂಗಾರೆ ನೀನ್ಯಾಕೆ ಮ್ಯಾಲಕ್ ಹೋಯ್ತೀಯ? ಅವ್ರೇ ಇಲ್ಲಿಗ್ ಬರ್ಲಿ" ಎಂದು ಚೀಲ ಸರಿಸಿ ಜಾಗ ಮಾಡಿದಳು.

ಮುಂದಿನ ಮೀಟಿಂಗನ್ನು ರೇಷನ್ ಅಂಗಡಿಯ ಜಗಲಿಯಲ್ಲೇ ಕರೆದೆ. ಸದಸ್ಯರು ಮುಖ ಊದಿಸಿಕೊಂಡೇ ಬಂದು ಕೂತರು. ಆದರೆ ದಾರಿಹೋಕರು ನಿಂತು ಕೇಳತೊಡಗಿದರು. ಮುದುಕರು, ಹೆಂಗಸರು ಬಂದರು. ಯಾರು ಏನು ಹೇಳಿದರು ಎನ್ನುವುದು ಸಂಜೆಯೊಳಗೆ ಊರಿಗೇ ತಿಳಿಯುತ್ತಿತ್ತು. ಅಷ್ಟು ಜನರ ಎದುರು ಬೋರ್‌ವೆಲ್ಲಿನ ಮಾತು ಮತ್ತೆ ಯಾರೂ ಎತ್ತಲಿಲ್ಲ. ನಮ್ಮ ಕೇರಿಯಲ್ಲಿ ನೀರು ಬಂತು.

ಆ ಕಾಲದಲ್ಲಿ ನಾನು ಸುಖವಾಗಿದ್ದೆ ಎಂದು ಹೇಳಬೇಕು ಅನಿಸುತ್ತದೆ. ಅರ್ಜಿ ಹಿಡಿದವರು ಮನೆ ಹುಡುಕಿಕೊಂಡು ಬರುತ್ತಿದ್ದರು, ಕೆಲಸವಾದ ಮೇಲೆ ಬೀದಿಯಲ್ಲಿ ಕೈ ಮುಗಿದು ಮುಂದೆ ಹೋಗುತ್ತಿದ್ದರು. ಮದುವೆಗಳಿಗೆ ಕರೆಯುತ್ತಿದ್ದರು. ಹೋದರೆ ಅಧ್ಯಕ್ಷರು ಎಂದು ಒಂದು ಕುರ್ಚಿ ತಂದು ಬೇರೆಯಾಗಿ ಹಾಕುತ್ತಿದ್ದರು. ಅದು ಮರ್ಯಾದೆಯೋ, ಜಾತಿಯೋ, ನನ್ನ ಕಾಲೋ, ನನಗೆ ಎಂದೂ ಗೊತ್ತಾಗಲಿಲ್ಲ. ಅಲ್ಲಿ ಒಬ್ಬಳೇ ಕೂತು ಊಟ ಮಾಡಿ ಬರುತ್ತಿದ್ದೆ.

ಬೋರ್‌ವೆಲ್ ಕೈತಪ್ಪಿದ್ದನ್ನು ಮರೆಯದ ಯಜಮಾನರು ನನ್ನನ್ನು ಇಳಿಸಲು ಸದಸ್ಯರಿಂದ ಅವಿಶ್ವಾಸಕ್ಕೆ ರುಜು ಹಾಕಿಸಿದರು. ಆ ಅವಿಶ್ವಾಸದ ಮೀಟಿಂಗಿಗೆ ಉಪವಿಭಾಗಾಧಿಕಾರಿ ಬಂದರು. ಅದು ಮಹಡಿಯ ಮೇಲೆ ನಡೆಯಿತು. ಒಬ್ಬ ಸದಸ್ಯ ಕುರ್ಚಿ ತಂದ, ಬೇಡವೆಂದೆ. ಕೈ ಊರಿಕೊಂಡು ಹತ್ತಿದೆ. ಸೀರೆಗೆ ಧೂಳು ಮೆತ್ತಿತ್ತು, ಅಂಗೈ ಉರಿಯುತ್ತಿತ್ತು. ನಾನು ಬಾಗಿಲಲ್ಲಿ ಕಾಣಿಸಿಕೊಂಡಾಗ ಆ ಅಧಿಕಾರಿ ಎದ್ದು ನಿಂತು, ಎಲ್ಲಿ ನೋಡಬೇಕೆಂದು ತಿಳಿಯದೆ ಫ್ಯಾನಿನ ಕಡೆ ನೋಡಿದರು. ಆಮೇಲೆ ನನ್ನನ್ನು ಇಳಿಸಬೇಕೆನ್ನುವವರು ಕೈ ಎತ್ತಲು ಹೇಳಿದರು. ಎಲ್ಲರ ಕೈಯೂ ಎದ್ದಿತು. ಕಡೆಯದಾಗಿ, ನನ್ನ ಪಕ್ಕದಲ್ಲಿ, ನೆಲ ನೋಡುತ್ತಾ ಎದ್ದ ಕೈ ಆ ಕೂಲಿಯವಳದು. ಅವಳ ಕೂಲಿ ಯಾರ ಕೈಯಲ್ಲಿದೆ ಎಂದು ನನಗೆ ಗೊತ್ತಿತ್ತು. ಆದರೂ ನೋವಾಯಿತು. ಆ ನೋವಿನಲ್ಲಿ ಮಿಕ್ಕವರ ಮುಖಗಳು ನೆನಪಿನಲ್ಲಿ ಉಳಿಯಲೇ ಇಲ್ಲ.

ನನ್ನ ಜಾಗಕ್ಕೆ ಅವಳನ್ನೇ ಅಧ್ಯಕ್ಷೆ ಮಾಡಿದರು. ಮೀಟಿಂಗು ಮತ್ತೆ ಮೇಲಕ್ಕೆ ಹೋಯಿತು. ಮುಂದೆ ಒಂದು ಸಲ ತಾಲ್ಲೂಕು ಪಂಚಾಯಿತಿಗೆ ಪಕ್ಷೇತರಳಾಗಿ ನಿಂತೆ. ಸೋತೆ. ಅಲ್ಲಿಗೆ ನನ್ನ ರಾಜಕೀಯ ಮುಗಿಯಿತು, ಹೊಲಿಗೆ ಮುಂದುವರಿಯಿತು.

ಆದರೆ ಅಧ್ಯಕ್ಷೆಯಾದ ಕೆಲವು ವಾರಗಳಿಗೇ ಅವಳು ಒಂದು ಸಂಜೆ ಹಿತ್ತಲ ಬಾಗಿಲಿನಿಂದ ಬಂದಳು. ಸೆರಗಿನೊಳಗಿಂದ, ರುಜು ಹಾಕಲು ಕೊಟ್ಟಿದ್ದ ಮೀಟಿಂಗಿನ ಕಾಗದ ತೆಗೆದು ನನ್ನ ಮುಂದಿಟ್ಟಳು.

"ಇದ್ರಲ್ಲಿ ಏನ್ ಬರ್ದವ್ರೆ ನೋಡಿ ಹೇಳಕ್ಕಾ."

ಓದಿ ಹೇಳಿದೆ. ಅರ್ಥವಾಗದ್ದನ್ನು ಎರಡು ಸಲ ಹೇಳಿದೆ. ಎಲ್ಲಿ ತಡೆಯಬೇಕು, ಏನು ಕೇಳಬೇಕು ಎನ್ನುವುದನ್ನೂ ಹೇಳಿದೆ. ಆ ಕೈ ಎತ್ತಿದ ದಿನದ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅಂದಿನಿಂದ ಮೀಟಿಂಗಿನ ಹಿಂದಿನ ದಿನ ತಪ್ಪದೆ ಬರುತ್ತಿದ್ದಳು.

"ಕಾಫಿ ಇಡ್ತೀನಿ, ಕುಡ್ಕಂಡ್ ಹೋಗು" ಎನ್ನುತ್ತಿದ್ದೆ.

"ಬ್ಯಾಡ ಕಣಕ್ಕ, ಯಾರಾರ ನೋಡ್ತಾರೆ" ಎಂದು ಅವಳು ಬೇಲಿಯ ಪಕ್ಕದಿಂದ ಸರಸರನೆ ಹೋಗಿಬಿಡುತ್ತಿದ್ದಳು.