ಅಪ್ಪನ ಕಾರಿನ ಹಿಂದಿನ ಸೀಟು

ಅಪ್ಪ ತೀರಿಕೊಂಡ ಮೇಲೆ ಅವರ ಅಂಬಾಸಿಡರ್ ಕಾರು ಯಲಬುರ್ಗಾದ ನಮ್ಮ ಮನೆಯ ಹಿಂದೆ ತಗಡಿನ ಶೆಡ್ಡಿನಲ್ಲಿ ಹದಿನೈದು ವರ್ಷ ನಿಂತೇ ಇತ್ತು. ಇಲಿಗಳು ವೈರು ಕಡಿದಿದ್ದವು, ಟೈರುಗಳು ನೆಲಕ್ಕೆ ಅಂಟಿದ್ದವು. ಹೋದ ವರ್ಷ ನಾನು ಅದನ್ನು ಟ್ರ್ಯಾಕ್ಟರಿಗೆ ಕಟ್ಟಿಸಿ ಕೊಪ್ಪಳದ ಒಬ್ಬ ವಯಸ್ಸಾದ ಮಿಸ್ತ್ರಿಯ ಗ್ಯಾರೇಜಿಗೆ ಒಯ್ದೆ. ನಾಲ್ಕು ತಿಂಗಳು ಪ್ರತಿ ರವಿವಾರ ಹೋಗಿ ಅವರ ಪಕ್ಕದಲ್ಲಿ ಕೂತೆ. ಅವರು ಇಂಜಿನ್ ಬಿಚ್ಚಿ ಕಟ್ಟಿದರು, ಬ್ರೇಕು ಹೊಸದು ಹಾಕಿದರು. ಸೀಟುಗಳಿಗೆ ಅಪ್ಪನ ಕಾಲದಲ್ಲಿದ್ದಂಥದೇ ಬಿಳಿ ಹೊದಿಕೆ ಹೊಲಿಸಿದೆ.

ಕಾರನ್ನು ನಾನೇ ಓಡಿಸಿಕೊಂಡು ಮನೆಗೆ ಬಂದೆ. ಹಿಂದಿನ ಬಾಗಿಲು ತೆರೆದು, "ಬಾ ಅವ್ವ, ಕೂಡು. ಕುಷ್ಟಗಿತನಕ ಹೋಗಿ ಬರೂಣು," ಎಂದೆ.

ಅವ್ವ ಆ ಬಿಳಿ ಹೊದಿಕೆಯನ್ನೇ ನೋಡುತ್ತ ನಿಂತಳು.

"ನಿನ್ನ ಬೆನ್ನಿಗಿ ಬಂದ ಕೂಸು ಹೊಟ್ಟ್ಯಾಗ ಇದ್ದಾಗ ನನಗ ರಕ್ತ ಹೋಗಾಕ ಹತ್ತಿತ್ತು. ಕಾರು ಬಾಗಲದಾಗ ನಿಂತಿತ್ತು. ಸೀಟು ಹೊಲಸಾಗ್ತೈತಿ ಅಂತ ನಿಮ್ಮಪ್ಪ ನನ್ನ ಬಸ್ಸಿಗಿ ಹತ್ತಿಸಿದ್ರು. ಕೊಪ್ಪಳ ಮುಟ್ಟೂದ್ರಾಗ ಕೂಸು ಹೋಗಿಬಿಟ್ಟಿತ್ತು."

"ಇಷ್ಟು ವರ್ಷ ಯಾಕ ಹೇಳಲಿಲ್ಲ?"

"ನೀ ಅವರನ್ನ ಭಾಳ ಹಚ್ಚಿಕೊಂಡಿದ್ದಿ."

ಅಷ್ಟು ಹೇಳಿ ಅವ್ವ ಒಳಗೆ ಹೋದಳು. ಅಪ್ಪನ ಪಕ್ಕದಲ್ಲಿ ಕೂತು ಊರೂರು ತಿರುಗಿದ ಆ ಸುಖ ಮತ್ತೆ ಸಿಗಲೆಂದೇ ನಾನು ಇಷ್ಟೆಲ್ಲ ಮಾಡಿದ್ದೆ. ಆ ವಾರವೇ ಗಂಗಾವತಿಯ ಒಬ್ಬರು ಕೇಳಿದರು, ಕಾರು ಕೊಟ್ಟುಬಿಟ್ಟೆ. ಅವ್ವನನ್ನು ಯಾಕೆ ಬಸ್ಸಿಗೆ ಹತ್ತಿಸಿದಿರಿ ಎಂದು ಅಪ್ಪನನ್ನು ಒಂದು ಮಾತು ಕೇಳಬೇಕಿತ್ತು. ಕೇಳೋಣವೆಂದರೆ ಅವರೇ ಇಲ್ಲ.